ಹಳೆಯದಕ್ಕೊಂದು ದಾರಿ, ಹೊಸದಕ್ಕೊಂದು ದಾರಿ: ಮಾಸಪತ್ರಿಕೆಯೊಂದರ ಜಾಲತಾಣದ ಪ್ರಕರಣ

2022ರ ಆಷಾಢದ ಒಂದು ಮಧ್ಯಾಹ್ನ ಶಿವಮೊಗ್ಗ ಜಿಲ್ಲೆಯ ಸಣ್ಣ ಮಾಸಪತ್ರಿಕೆಯೊಂದರ ಸಂಪಾದಕರು ಫೋನ್ ಮಾಡಿದರು. "ನಮ್ಮ ವೆಬ್‌ಸೈಟಿನಲ್ಲಿ ಇಸ್ಪೀಟು ಆಡಿಸುತ್ತಿದ್ದಾರಂತೆ ಮಾರಾಯ, ಸ್ವಲ್ಪ ನೋಡು" ಎಂದರು. ನೋಡಿದೆ. ಕವಿತೆ, ಪ್ರಬಂಧ, ಊರಿನ ಇತಿಹಾಸದ ಲೇಖನಗಳಿದ್ದ ವಿಳಾಸವನ್ನು ತೆರೆದರೆ ರಮ್ಮಿ ಆಟದ ಜಾಹೀರಾತು ಮಿನುಗುತ್ತಿತ್ತು. ಚಂದಾದಾರರೊಬ್ಬರ ಮಗ ಅದರ ಚಿತ್ರ ಕಳಿಸಿ, ಪತ್ರಿಕೆಗೆ ಹೊಸ ಆದಾಯ ಶುರುವಾಯಿತೇ ಎಂದು ಕೇಳಿದ್ದನಂತೆ. ಸಂಪಾದಕರು ಹೈಸ್ಕೂಲಿನಿಂದ ನಿವೃತ್ತರಾದವರು, ಊರಿಗೆಲ್ಲ ಮೇಷ್ಟ್ರು. ಆ ಮಾತು ಅವರಿಗೆ ಚುಚ್ಚಿತ್ತು.

ಆದದ್ದು ಇಷ್ಟು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಸಂಸ್ಥೆಯೊಂದು ಇವರಿಗೆ ಜಾಲತಾಣ ಮಾಡಿಕೊಟ್ಟಿತ್ತು. ಡೊಮೇನನ್ನು, ಅಂದರೆ ತಾಣದ ವಿಳಾಸದ ಹೆಸರನ್ನು, ಸಂಸ್ಥೆ ತನ್ನದೇ ಇಮೇಲ್ ಕೊಟ್ಟು ನೋಂದಾಯಿಸಿತ್ತು. ಸಂಸ್ಥೆ ಬಾಗಿಲು ಮುಚ್ಚಿತು. ನವೀಕರಣಕ್ಕೆ ಬಂದ ಎಚ್ಚರಿಕೆಗಳೆಲ್ಲ ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಹೋದವು. ಡಾಟ್ ಕಾಮ್ ಹೆಸರಿನ ಅವಧಿ ಮುಗಿದರೆ ಅದು ಮರುದಿನವೇ ಕೈತಪ್ಪುವುದಿಲ್ಲ. ಮೊದಲು ಕೆಲವು ವಾರಗಳ ವಿನಾಯಿತಿ, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಕೊನೆಗೆ ಅಳಿಸುವ ಮುನ್ನ ಐದು ದಿನ. ಅಷ್ಟೂ ಕಾಲ ಮೇಷ್ಟ್ರಿಗೆ ಸುದ್ದಿಯೇ ಇಲ್ಲ. ಬಿಟ್ಟ ಹೆಸರನ್ನು ಕಾದು ಕುಳಿತು ಹಿಡಿಯುವವರು ಹಿಡಿದರು.

ಹಳೆಯ ತಾಣದ ಬ್ಯಾಕಪ್ ಎಂದು ಒಂದು ಪೆನ್‌ಡ್ರೈವ್ ಇತ್ತು. ತೆರೆದು ನೋಡಿದರೆ ಪುಟಗಟ್ಟಲೆ ಪ್ರಶ್ನಾರ್ಥಕ ಚಿಹ್ನೆಗಳು. ದತ್ತಾಂಶವನ್ನು ಹೊರತೆಗೆಯುವಾಗ ಯಾರೋ ಅಕ್ಷರಸಂಕೇತವನ್ನು ಯುರೋಪಿನ ಭಾಷೆಗಳದ್ದು ಎಂದು ಕೊಟ್ಟುಬಿಟ್ಟಿದ್ದರು. ಆ ಸಂಕೇತದಲ್ಲಿ ಕನ್ನಡಕ್ಕೆ ಜಾಗವಿಲ್ಲ, ಹಾಗಾಗಿ ಒಂದೊಂದು ಅಕ್ಷರದ ಜಾಗದಲ್ಲೂ ಒಂದೊಂದು ಪ್ರಶ್ನೆ ಚಿಹ್ನೆ ಕುಳಿತಿತ್ತು. ಕಲಸಿಹೋದ ಅಕ್ಷರವನ್ನಾದರೂ ಬಿಡಿಸಬಹುದು, ಪ್ರಶ್ನೆ ಚಿಹ್ನೆಯಾದದ್ದು ಹೋದದ್ದೇ. ಹಳೆಯ ಜಾಲಪುಟಗಳ ಪ್ರತಿ ತೆಗೆದಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿದಾಗ ಅರವತ್ತರಷ್ಟು ಲೇಖನಗಳು ಸಿಕ್ಕವು. ಉಳಿದವು ಅಲ್ಲೂ ಇರಲಿಲ್ಲ.

ಇಷ್ಟಾದ ಮೇಲೆ ಮೇಷ್ಟ್ರು ನನ್ನನ್ನು ಕರೆಸಿ ಕೇಳಿದ ಪ್ರಶ್ನೆ, ಹೊಸ ತಾಣವನ್ನು ಯಾವುದರಲ್ಲಿ ಮಾಡಿಸುವುದು? ಜಾಲತಾಣ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ಸೋ, ಗೂಗಲ್‌ನ ಉಚಿತ ಬ್ಲಾಗ್ ಸೇವೆ ಬ್ಲಾಗರ್ರೋ, ಇನ್ನೇನೋ? ನಾನು ಜಾಲತಾಣ ಮಾಡಿಕೊಂಡೇ ಹೊಟ್ಟೆ ಹೊರೆಯುವವನು, ಅದಕ್ಕೂ ಮೊದಲು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಕಟ್ಟುವ ಕೆಲಸ, ಮಾಡುತ್ತಿದ್ದೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಸ್ಥಿರ ಪುಟಗಳು. ಅಂದರೆ ದತ್ತಸಂಚಯ (ಡೇಟಾಬೇಸ್) ಇಲ್ಲ, ಪ್ಲಗಿನ್ ಎಂಬ ಸೇರ್ಪಡೆ ತಂತ್ರಾಂಶಗಳಿಲ್ಲ, ಪ್ರತಿ ಲೇಖನಕ್ಕೂ ಒಂದು ಎಚ್‌ಟಿಎಂಎಲ್ ಕಡತ. ಅದನ್ನು ತಯಾರಿಸಲು 2013ರಿಂದ ಹ್ಯೂಗೋ ಎಂಬ ಮುಕ್ತ ತಂತ್ರಾಂಶವಿದೆ, ಅದಕ್ಕೂ ಮೊದಲಿನಿಂದ ಜೆಕಿಲ್ ಇದೆ. ನನ್ನ ಸ್ವಂತ ತಾಣ ಹ್ಯೂಗೋದಲ್ಲೇ ಇದೆ. ತಾನು ಉಣ್ಣುವ ಊಟವೇ ಎಲ್ಲರ ಮೈಗೂ ಒಗ್ಗುತ್ತದೆ ಎಂದುಕೊಳ್ಳುವುದು ನಮ್ಮ ಕಸುಬಿನವರ ಹಳೆಯ ಚಾಳಿ. ಅದೃಷ್ಟಕ್ಕೆ ಅವತ್ತು ಬಾಯಿ ಬಿಡಲಿಲ್ಲ. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಕುಳಿತು, ಮೇಷ್ಟ್ರ ನೋಟ್ ಪುಸ್ತಕದಲ್ಲಿ ಮೊದಲು ಪುಟಗಳ ಲೆಕ್ಕ ಬರೆದೆವು. ಯಾವ ಪುಟ, ಯಾರು ಮುಟ್ಟುತ್ತಾರೆ, ಎಷ್ಟು ಸಲ?

ಹಳೆಯ ಸಂಚಿಕೆಗಳು: 1999ರಿಂದ ಆವತ್ತಿನವರೆಗೆ 280ರ ಆಸುಪಾಸು, ಲೇಖನಗಳು ಮೂರು ಸಾವಿರದಷ್ಟು. ಒಮ್ಮೆ ಏರಿಸಿದರೆ ಮತ್ತೆ ಮುಟ್ಟುವ ಕೆಲಸವಿಲ್ಲ. ಹೊಸ ಸಂಚಿಕೆ: ತಿಂಗಳಿಗೆ ಹತ್ತು ಹನ್ನೆರಡು ಲೇಖನ, ಏರಿಸಬೇಕಾದವರು ಪುಟ ಕಟ್ಟುವ ಅಕ್ಕ. ಚಂದಾ ವಿವರ: ದರ ಹೆಚ್ಚಿಸಿದಾಗ ಮಾತ್ರ, ಅದೂ ಮೇಷ್ಟ್ರು ಮೂರು ವರ್ಷ ಹಿಂದೆಮುಂದೆ ನೋಡಿ ಹೆಚ್ಚಿಸುವಂಥದ್ದು. ಕಾರ್ಯಕ್ರಮಗಳ ಪ್ರಕಟಣೆ: ಅದಕ್ಕೆ ಅವರ ವಾಟ್ಸಾಪ್ ಗುಂಪೇ ಸಾಕಾಗಿತ್ತು, ಹೊಡೆದು ಹಾಕಿದೆವು. ಕಥಾಸ್ಪರ್ಧೆಗೆ ಆನ್‌ಲೈನ್ ಅರ್ಜಿ ಎಂದು ಯಾರೋ ಹೇಳಿದ್ದರಂತೆ, ಅದನ್ನೂ ಹೊಡೆದೆವು. ಕಥೆಗಳು ಇನ್ನೂ ಅಂಚೆಯಲ್ಲೇ ಬರುತ್ತಿದ್ದವು.

ಈ ಪಟ್ಟಿ ಇಲ್ಲದೆ ವಿಧಾನ ಆರಿಸಲು ಕುಳಿತಿದ್ದರೆ ನಾವು ಸಾಧನಗಳ ಗುಣಗಾನದಲ್ಲೇ ಕಾಲ ಕಳೆಯುತ್ತಿದ್ದೆವು. ಪಟ್ಟಿ ಮುಂದಿದ್ದುದರಿಂದ ಕೆಲವು ದಾರಿಗಳು ಅರ್ಧ ಗಂಟೆಯಲ್ಲಿ ಮುಚ್ಚಿದವು. ಶಿವಮೊಗ್ಗದ ಒಬ್ಬರು ಎಲ್ಲವನ್ನೂ ಹೊಸದಾಗಿ ಬರೆದುಕೊಡುವುದಾಗಿ ದರಪಟ್ಟಿ ಕಳಿಸಿದ್ದರು. ಅದು ಪತ್ರಿಕೆಯ ಒಂದು ವಿಶೇಷಾಂಕದ ಮುದ್ರಣ ವೆಚ್ಚಕ್ಕಿಂತ ಹೆಚ್ಚಿತ್ತು, ಮೇಲೆ ವರ್ಷವರ್ಷದ ನಿರ್ವಹಣಾ ಶುಲ್ಕ. ಮೇಷ್ಟ್ರು ಅದನ್ನು ಮಡಿಚಿ ಡ್ರಾಯರಿಗೆ ಹಾಕಿದರು. ಚಿತ್ರ, ಬರಹಗಳನ್ನು ಮೌಸಿನಿಂದ ಎಳೆದು ತಂದು ಕೂರಿಸಿ ಪುಟ ಮಾಡುವ, ತಿಂಗಳ ಬಾಡಿಗೆಯ ಸೇವೆಯೊಂದನ್ನೂ ನೋಡಿದೆವು. ಅದರ ಸಿದ್ಧ ವಿನ್ಯಾಸಗಳೆಲ್ಲ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದವು, ಸಾಲಿಗೂ ಸಾಲಿಗೂ ನಡುವೆ ಉಸಿರಾಡಲು ಜಾಗವಿಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಸಿಕ್ಕಿಕೊಳ್ಳುತ್ತಿತ್ತು. 'ರಾಷ್ಟ್ರ' ಎಂದು ಬರೆದರೆ ಕೆಳಗಿನ ಟ ಮತ್ತು ರ ಎರಡೂ ಅರ್ಧ ಕತ್ತರಿಸಿ ಹೋಗಿದ್ದವು. ನಾಳೆ ಬಿಟ್ಟು ಹೊರಡೋಣವೆಂದರೆ ಪುಟಗಳನ್ನು ಹೊರತೆಗೆದುಕೊಳ್ಳುವ ದಾರಿಯೂ ಸರಿಯಾಗಿರಲಿಲ್ಲ.

ಬ್ಲಾಗರ್ ವಿಷಯ ಬೇರೆ. ಅದನ್ನು ಹಗುರವಾಗಿ ತಳ್ಳಿಹಾಕುವ ಜಾಲತಾಣದವರನ್ನು ಕಂಡರೆ ನನಗೆ ಸಿಟ್ಟು. ಅಂತರಜಾಲದಲ್ಲಿ ಕನ್ನಡ ಬರೆಯಲು ಎಷ್ಟೋ ಜನರಿಗೆ ಮೊದಲ ಜಗಲಿ ಸಿಕ್ಕಿದ್ದು ಅಲ್ಲೇ, ಅದೂ ಕಾಸು ಕೊಡದೆ. ಆದರೆ ಮೂರು ಸಾವಿರ ಲೇಖನಗಳನ್ನು ವರ್ಷ, ತಿಂಗಳು, ಲೇಖಕ ಎಂದು ಜೋಡಿಸಿಡುವುದಕ್ಕೆ ಅದು ಹೇಳಿ ಮಾಡಿಸಿದ ಜಾಗವಲ್ಲ. ಮೇಷ್ಟ್ರ ಆಕ್ಷೇಪಣೆ ಇನ್ನೊಂದು. ಅವರು ಗೂಗಲ್‌ನ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ ಹಳೆಯ ವಿದ್ಯಾರ್ಥಿಗಳ ಗುಂಪೊಂದನ್ನು ನಡೆಸಿದ್ದವರು. ಗೂಗಲ್ 2014ರಲ್ಲಿ ಆರ್ಕುಟ್ ಮುಚ್ಚಿತು, 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿತು. "ಬ್ಲಾಗರ್ರೂ ಅವರದೇ ಅಲ್ಲವೇ? ಒಮ್ಮೆ ಮನೆ ಖಾಲಿ ಮಾಡಿಸಿಕೊಂಡವನು ನಾನು" ಎಂದರು. ಅದಕ್ಕೆ ಎದುರು ಹೇಳಲು ನನ್ನಲ್ಲಿ ಮಾತಿರಲಿಲ್ಲ.

ಉಳಿದದ್ದು ಎರಡು, ವರ್ಡ್‌ಪ್ರೆಸ್ ಮತ್ತು ಹ್ಯೂಗೋ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಇವತ್ತು ಜಗತ್ತಿನ ಹತ್ತು ತಾಣಗಳಲ್ಲಿ ನಾಲ್ಕಕ್ಕೆ ಅಡಿಪಾಯ. ಅದೇ ಕಾರಣಕ್ಕೆ ಕಳ್ಳರ ಕಣ್ಣೂ ಅದರ ಮೇಲೇ. ನಾನು ಇನ್ನೂ ಹ್ಯೂಗೋದ ಪರವೇ ಇದ್ದೆ. ಆದರೆ ಏರಿಸುವವರು ನಾನಲ್ಲವಲ್ಲ. ಹಾಗಾಗಿ ಒಂದು ಶನಿವಾರ ಅಕ್ಕನನ್ನೇ ಕೂರಿಸಿ ಪರೀಕ್ಷೆ ಮಾಡಿದೆವು. ಒಂದೇ ಸಂಚಿಕೆ, ಹನ್ನೊಂದು ಲೇಖನ, ಎರಡೂ ವಿಧಾನದಲ್ಲಿ ಅವರೇ ಏರಿಸಬೇಕು, ನಾನು ಕೈ ಹಾಕಬಾರದು.

ಅಕ್ಕ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ ಪತ್ರಿಕೆಯ ಪುಟ ಕಟ್ಟುತ್ತಿರುವವರು. ಕೀಲಿಮಣೆಯ ಮೇಲೆ ಅವರ ಬೆರಳು ಓಡುವುದನ್ನು ನೋಡಬೇಕು. ಕನ್ನಡಕ್ಕೆಂದು ಕೆ. ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸ ಅವರ ಕೈಯೊಳಗೇ ಇದೆ. ವರ್ಡ್‌ಪ್ರೆಸ್‌ನಲ್ಲಿ ಹನ್ನೊಂದೂ ಲೇಖನಗಳು ಎರಡೂವರೆ ಗಂಟೆಯಲ್ಲಿ ಏರಿದವು, ನಡುವೆ ಒಂದು ಚಹಾ. ಉಪಕಾರ ಮಾಡುವವನಂತೆ ನಾನು ಅದರ ನಿಯಂತ್ರಣ ಫಲಕವನ್ನು ಕನ್ನಡಕ್ಕೆ ತಿರುಗಿಸಿ ಕೊಟ್ಟಿದ್ದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಕಾಣಿಸಿತು. ಅಕ್ಕ ಐದು ನಿಮಿಷ ನೋಡಿ, "ಇಂಗ್ಲಿಷಿಗೇ ಹಾಕಿಕೊಡು ತಮ್ಮ, ಗುಂಡಿ ಎಲ್ಲಿದೆ ಎಂದು ಹುಡುಕುವುದೇ ಆಗುತ್ತದೆ" ಎಂದರು.

ಹ್ಯೂಗೋದ ಸರದಿ ಬಂತು. ಪ್ರತಿ ಲೇಖನದ ನೆತ್ತಿಯಲ್ಲಿ ಶೀರ್ಷಿಕೆ, ತಾರೀಖು, ಲೇಖಕರ ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಬರೆಯಬೇಕು. ಅಕ್ಕ ವರ್ಡ್‌ನಲ್ಲಿ ಬರೆದು ಅಂಟಿಸಿದರು. ವರ್ಡ್ ತನ್ನ ಅಭ್ಯಾಸದಂತೆ ನೇರ ಚಿಹ್ನೆಯನ್ನು ಬಾಗಿಸಿ ಅಂದ ಮಾಡಿತ್ತು. ಹ್ಯೂಗೋಗೆ ಬಾಗಿದ ಚಿಹ್ನೆ ಆಗದು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಬೈಗುಳ ಬಂದು ನಿಂತಿತು. ಅಕ್ಕನ ಕಣ್ಣಿಗೆ ಎರಡು ಚಿಹ್ನೆಗಳಿಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ, ಕಾಣಬೇಕಾಗಿಯೂ ಇಲ್ಲ. ಮುದ್ರಣದಲ್ಲಿ ಬಾಗಿದ್ದೇ ಸರಿ. ನಾಲ್ಕನೆಯ ಲೇಖನಕ್ಕೆ ಅವರು ಕನ್ನಡಕ ತೆಗೆದಿಟ್ಟು, "ನೀನು ಮದುವೆಗೋ ಮುಂಜಿಗೋ ಹೋದ ದಿನ ಇದು ಹೀಗೆ ನಿಂತರೆ ನಾನು ಯಾರನ್ನು ಕೇಳಲಿ?" ಎಂದರು. ಬೆಂಗಳೂರಿನ ಸಂಸ್ಥೆ ಮಾಡಿದ್ದನ್ನೇ ನಾನು ಬೇರೆ ರೀತಿಯಲ್ಲಿ ಮಾಡಲು ಹೊರಟಿದ್ದೆ. ಅವರು ಬೀಗದ ಕೈ ಇಟ್ಟುಕೊಂಡಿದ್ದರು, ನಾನು ಬೀಗ ತೆರೆಯುವ ವಿದ್ಯೆಯನ್ನು ಇಟ್ಟುಕೊಳ್ಳುತ್ತಿದ್ದೆ.

ಹಾಗೆಂದು ಮೂರು ಸಾವಿರ ಹಳೆಯ ಲೇಖನಗಳನ್ನೂ ವರ್ಡ್‌ಪ್ರೆಸ್ಸಿನ ಹೊಟ್ಟೆಗೆ ಹಾಕಲು ಮನಸ್ಸು ಒಪ್ಪಲಿಲ್ಲ. ಯಾರೂ ತಿದ್ದದ ಪುಟಗಳಿಗೆ ದಿನಾ ಕಾವಲು ಯಾಕೆ ಬೇಕು? ಆಗ ನೆನಪಾದದ್ದು ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ ತಾಣ. ಅದು 2013ರ ಅಕ್ಟೋಬರ್ 1ರಂದು ತೆರೆದಾಗ ಮೊದಲ ದಿನ ನೋಂದಣಿ ಮುಗಿಸಲು ಸಾಧ್ಯವಾದದ್ದು ಆರು ಜನರಿಗೆ. ಆ ಅವಾಂತರ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಎಂದರೆ ಕುಸಿದದ್ದು ಖಾತೆ ತೆರೆಯುವ, ವಿಮೆ ಆರಿಸುವ ಹಿಂಭಾಗ. ಮಾಹಿತಿ ಓದುವ ಮುಂಭಾಗದ ಪುಟಗಳನ್ನು ಜೆಕಿಲ್ ಬಳಸಿ ಸ್ಥಿರ ಪುಟಗಳಾಗಿ ಮಾಡಿದ್ದರು, ಅವು ಹೆಚ್ಚು ತೊಂದರೆ ಕೊಡಲಿಲ್ಲ. ಒಂದೇ ತಾಣ, ಒಳಗೆ ಎರಡು ವಿಧಾನ. ನಮ್ಮದು ಅದರ ಮುಂದೆ ಇರುವೆಯಷ್ಟು, ಆದರೆ ಭೇದ ಅದೇ: ಬದಲಾಗುವುದು ಬೇರೆ, ಬದಲಾಗದ್ದು ಬೇರೆ.

ತೀರ್ಮಾನ ಹೀಗಾಯಿತು. ನಡೆಯುತ್ತಿರುವ ವರ್ಷದ ಸಂಚಿಕೆಗಳು ವರ್ಡ್‌ಪ್ರೆಸ್‌ನಲ್ಲಿ, ಅಕ್ಕನ ಕೈಯಲ್ಲಿ. ಹಿಂದಿನವೆಲ್ಲ ಹ್ಯೂಗೋದಿಂದ ನನ್ನ ಕಂಪ್ಯೂಟರಿನಲ್ಲಿ ತಯಾರಾದ ಸ್ಥಿರ ಪುಟಗಳು. ಎರಡೂ ಹೊಸದಾಗಿ ಪಡೆದ ಒಂದೇ ಡೊಮೇನಿನಲ್ಲಿ, ತಾಣದ ಕಡತಗಳನ್ನಿಡುವ ಒಂದೇ ಹೋಸ್ಟಿಂಗ್ ಜಾಗದಲ್ಲಿ. ಇವೆರಡೂ ಜಗಳವಾಡುವುದಿಲ್ಲವೇ ಎಂದು ಕಸುಬು ಗೊತ್ತಿದ್ದ ಗೆಳೆಯರೊಬ್ಬರು ಕೇಳಿದರು. ಆಡುವುದಿಲ್ಲ. ವರ್ಡ್‌ಪ್ರೆಸ್ ತಾನಾಗಿ ಬರೆದುಕೊಳ್ಳುವ ನಿಯಮದಲ್ಲೇ ಒಂದು ಸೌಜನ್ಯವಿದೆ. ಓದುಗ ಕೇಳಿದ ವಿಳಾಸದಲ್ಲಿ ನಿಜವಾದ ಕಡತವೋ ಫೋಲ್ಡರೋ ಇದ್ದರೆ ಅದು ಪಕ್ಕಕ್ಕೆ ಸರಿದು ಅದನ್ನೇ ಕೊಟ್ಟುಬಿಡುತ್ತದೆ. ಇಲ್ಲದಿದ್ದರೆ ಮಾತ್ರ ತನ್ನ ದತ್ತಸಂಚಯದಲ್ಲಿ ಹುಡುಕುತ್ತದೆ. ಹಾಗಾಗಿ ವರ್ಷ ಮುಗಿದ ಮೇಲೆ ಆ ವರ್ಷದ ಲೇಖನಗಳನ್ನು ಸ್ಥಿರ ಪುಟಗಳಾಗಿಸಿ ಅದೇ ವಿಳಾಸದಲ್ಲಿ ಇಟ್ಟರೆ, ಓದುಗರಿಗೆ ಗೊತ್ತೇ ಆಗದಂತೆ ಮನೆ ಬದಲಾಗುತ್ತದೆ. ಜನವರಿಯಲ್ಲಿ ನನಗೆ ಒಂದು ದಿನದ ಕೆಲಸ.

ವಿಳಾಸದ ಮಾತು ಬಂದದ್ದರಿಂದ ಅಲ್ಲಿ ಸ್ವಲ್ಪ ನಿಲ್ಲುತ್ತೇನೆ, ಕನ್ನಡದ ತಾಣ ಮಾಡುವ ಎಲ್ಲರೂ ಒಮ್ಮೆ ಎಡವುವ ಕಲ್ಲು ಇದು. ವರ್ಡ್‌ಪ್ರೆಸ್ ಲೇಖನದ ಶೀರ್ಷಿಕೆಯನ್ನೇ ವಿಳಾಸ ಮಾಡುತ್ತದೆ. ಪರೀಕ್ಷೆಯ ದಿನ ಒಂದು ಲೇಖನದ ಶೀರ್ಷಿಕೆ 'ಕೆಳದಿ ಅರಸರ ಕಾಲದ ನೀರಾವರಿ ಪದ್ಧತಿಗಳು'. ಅಕ್ಕ ಅದನ್ನು ಏರಿಸಿ, ಕೊಂಡಿಯನ್ನು ಮೇಷ್ಟ್ರಿಗೆ ವಾಟ್ಸಾಪ್ ಮಾಡಿದರು. ಮೇಷ್ಟ್ರ ಮೊಬೈಲಿನಲ್ಲಿ ಕಂಡದ್ದು ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳ ಐದಾರು ಸಾಲಿನ ಸರಮಾಲೆ. "ಇದನ್ನು ಒತ್ತಿದರೆ ಬ್ಯಾಂಕಿನ ದುಡ್ಡು ಹೋಗುವುದಿಲ್ಲ ತಾನೆ?" ಎಂದು ಕೇಳಿದರು. ಅವರನ್ನು ದೂರುವಂತಿಲ್ಲ. ಎಲ್ಲ ಭಾಷೆಗಳ ಲಿಪಿಗೂ ಜಾಗವಿರುವ ಅಕ್ಷರಸಂಕೇತ ಯುನಿಕೋಡ್. ಜಾಲತಾಣಗಳು ಅದನ್ನು ಬರೆದಿಡುವ ರೀತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಜಾಗ ಬೇಕು. ವಿಳಾಸದಲ್ಲಿ ಒಂದೊಂದು ಬೈಟ್ ಕೂಡ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುತ್ತದೆ. ಅಲ್ಲಿಗೆ ಒಂದು ಕನ್ನಡ ಚಿಹ್ನೆಗೆ ಒಂಬತ್ತು. ಗುಣಿತದ ಗುರುತೂ, ಅರ್ಧಾಕ್ಷರ ಮಾಡುವ ವಿರಾಮವೂ ಪ್ರತ್ಯೇಕ ಚಿಹ್ನೆಗಳೇ. ವರ್ಡ್‌ಪ್ರೆಸ್ ವಿಳಾಸದ ಈ ಭಾಗಕ್ಕೆ ಕೊಟ್ಟಿರುವ ಜಾಗ ಒಟ್ಟು 200 ಅಕ್ಷರ. ಹಾಗಾಗಿ ಕೆಳದಿ ಅರಸರು ನೀರಾವರಿಯವರೆಗೆ ಬಂದು, 'ಪದ್ಧತಿಗಳು' ಎಂಬುದರ ಬರೀ 'ಪ' ಹತ್ತಿರ ಕತ್ತರಿಸಿ ಬಿದ್ದಿದ್ದರು. ಉದ್ದ ಶೀರ್ಷಿಕೆಗಳೆಂದರೆ ನಮ್ಮ ಸಂಶೋಧಕರಿಗೆ ಪ್ರಾಣ, ಇದು ಪ್ರತಿ ತಿಂಗಳ ಗೋಳಾಗುತ್ತಿತ್ತು.

ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯೋಣವೆಂದರೆ 'ಳ'ಗೆ ಯಾವ ಅಕ್ಷರ, 'ಣ'ಗೆ ಯಾವುದು ಎಂದು ಅಕ್ಕ ಒಂದೊಂದು ದಿನ ಒಂದೊಂದು ರೀತಿ ಬರೆಯುತ್ತಿದ್ದರು. ಕೊನೆಗೆ ಅವರೇ ಹೇಳಿದ್ದು: "ಬೈಂಡು ಹಾಕುವಾಗ ಹುಡುಕುವುದು ವರ್ಷ, ತಿಂಗಳು, ಪುಟ ನೋಡಿ. ಇಲ್ಲೂ ಹಾಗೇ ಮಾಡಿದರಾಗದೇ?" ಆಯಿತು. ವರ್ಷ, ತಿಂಗಳು, ಅಚ್ಚಾದ ಪತ್ರಿಕೆಯಲ್ಲಿ ಆ ಲೇಖನ ಶುರುವಾಗುವ ಪುಟಸಂಖ್ಯೆ. ಒಂದೇ ತೊಡಕು, ಬರೀ ಅಂಕಿ ಕೊಟ್ಟರೆ ವರ್ಡ್‌ಪ್ರೆಸ್ ಅದನ್ನು ತಾರೀಖು ಎಂದು ಭಾವಿಸಿಬಿಡುತ್ತದೆ. ಪುಟಸಂಖ್ಯೆಯ ಮುಂದೆ ಇಂಗ್ಲಿಷಿನ ಪಿ ಸೇರಿಸಿದೆವು. ಚಿಕ್ಕ ವಿಳಾಸ, ಬಾಯಲ್ಲಿ ಹೇಳಬಹುದು, ಫೋನಿನಲ್ಲಿ ಬರೆಸಬಹುದು. ನಾನು ಇಷ್ಟು ವರ್ಷಗಳಲ್ಲಿ ಕಂಡ ಅತ್ಯುತ್ತಮ ವಿಳಾಸ ಪದ್ಧತಿ ಇದು, ಕೊಟ್ಟವರು ಡಿಟಿಪಿ ಮಾಡುವವರು.

ವಿಧಾನ ಗೊತ್ತಾಯಿತು, ಆದರೆ ಸಮಯ ತಿಂದದ್ದು ಅದಲ್ಲ. ಹಳೆಯ ಕಡತಗಳು ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಅಕ್ಷರಗಳಲ್ಲಿದ್ದವು. ಅಂದರೆ ಪರದೆಯ ಮೇಲೆ ಕನ್ನಡ ಕಾಣುತ್ತದೆ, ಕಡತದೊಳಗೆ ಕನ್ನಡವಿಲ್ಲ. 'ಕ' ಎಂದು ಕಾಣುವ ಕಡೆ ಒಳಗೆ ಇರುವುದು ಇಂಗ್ಲಿಷಿನ ಪಿ, ಅದರ ಹಿಂದೆ ತಲೆಯ ಮೇಲೆ ಗೀಟಿರುವ ಎ. ಪಿ ಮೈ, ಎ ತಲೆಕಟ್ಟು. ಫಾಂಟ್ ಎಂಬ ಬಟ್ಟೆ ಕಳಚಿದರೆ ಕನ್ನಡವೂ ಕಳಚಿತು. ಇದನ್ನು ಯುನಿಕೋಡ್‌ಗೆ ತಿರುಗಿಸುವ ಮುಕ್ತ ಪರಿವರ್ತಕಗಳಿವೆ, ಒಳ್ಳೆಯವೂ ಇವೆ. ಆದರೆ ಅರ್ಕಾವೊತ್ತು ಎಲ್ಲರನ್ನೂ ಆಟವಾಡಿಸುತ್ತದೆ. ಹಳೆಯ ಅಕ್ಷರದಲ್ಲಿ ಅರ್ಕಾವೊತ್ತನ್ನು ಬರೆದಂತೆಯೇ, ವ್ಯಂಜನದ ನಂತರ ಇಡುತ್ತಾರೆ. ಯುನಿಕೋಡ್ ಉಚ್ಚಾರಣೆಯ ಕ್ರಮ ಕೇಳುತ್ತದೆ, ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ದಾಟಿಸದೆ ಇದ್ದಲ್ಲೇ ಬಿಟ್ಟರೆ 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುತ್ತದೆ, 'ವರ್ಷ' ಹೋಗಿ 'ವಷರ್' ಆಗುತ್ತದೆ, 'ಕಾರ್ಯಕ್ರಮ' ಹೋಗಿ 'ಕಾಯರ್ಕ್ರಮ'. ಅಂತರಜಾಲದಲ್ಲಿ ಈ ಕನಾರ್ಟಕವನ್ನು ಕಾಣದ ಕನ್ನಡಿಗ ಯಾರು?

ನಾವು ಆರಿಸಿಕೊಂಡ ಪರಿವರ್ತಕ ಅರ್ಕಾವೊತ್ತನ್ನು ಬಹುಮಟ್ಟಿಗೆ ಸರಿಯಾಗಿ ದಾಟಿಸುತ್ತಿತ್ತು. ಎಡವಿದ್ದು ಎರಡು ಕಡೆ. ಲೇಖನದ ನಡುವೆ ಇಂಗ್ಲಿಷ್ ಪದವಿದ್ದರೆ ಅದಕ್ಕೆ ಫಾಂಟಿನ ಸುಳಿವಿಲ್ಲ, ಅದನ್ನೂ ಕನ್ನಡ ಎಂದುಕೊಂಡು ಅರ್ಥವಿಲ್ಲದ ಅಕ್ಷರಗುಚ್ಛ ಮಾಡಿ ಹಾಕುತ್ತಿತ್ತು. ಸಸ್ಯಗಳ ಲ್ಯಾಟಿನ್ ಹೆಸರು ತುಂಬಿದ ಔಷಧಿ ಗಿಡಗಳ ಅಂಕಣವೊಂದು ಹತ್ತು ವರ್ಷ ಬಂದಿತ್ತು. ಅದನ್ನು ಕೈಯಾರೆ ತಿದ್ದಿದ್ದು ಈಗಲೂ ಕನಸಿನಲ್ಲಿ ಬರುತ್ತದೆ. ಎರಡನೆಯದು ಅಕ್ಕನದೇ ಕೈಕೆಲಸ. ಕಾಲಂ ತುಂಬಿಸಲು ಸಾಲಿನ ಕೊನೆಯಲ್ಲಿ ಪದ ಒಡೆದು ಅಡ್ಡಗೆರೆ ಹಾಕುತ್ತಿದ್ದರು. ಕಾಗದದ ಮೇಲೆ ಅಂದ, ಜಾಲತಾಣದಲ್ಲಿ ಸಾಲಿನ ನಟ್ಟನಡುವೆ 'ಮಲೆ-ನಾಡು', 'ಸಂ-ಸ್ಕೃತಿ'. ಎಲ್ಲ ಅಡ್ಡಗೆರೆ ತೆಗೆಯೋಣವೆಂದರೆ 'ತಂದೆ-ತಾಯಿ' ಅಂಟಿಕೊಳ್ಳುತ್ತದೆ. ಯಂತ್ರಕ್ಕೆ ಬಿಡದೆ, ಪತ್ರಿಕೆಯ ಮೂವರು ಹಳೆಯ ಓದುಗರು ವರ್ಷಗಳನ್ನು ಹಂಚಿಕೊಂಡು ಕರಡು ತಿದ್ದಿದರು.

ಹೊಸ ಸಂಚಿಕೆಗೂ ಇದೇ ಪ್ರಶ್ನೆ ಇತ್ತು. ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ಗೊತ್ತಿಲ್ಲ. 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಅದರ ಕೊನೆಯದು, ನಮ್ಮ ಊರುಗಳ ಮುದ್ರಣಾಲಯಗಳಲ್ಲಿ ಅದಿನ್ನೂ ಸತ್ತಿಲ್ಲ. ಬರಹವನ್ನು ಮೊದಲು ಯುನಿಕೋಡ್‌ನಲ್ಲಿ ಬೆರಳಚ್ಚು ಮಾಡಿ, ಅಲ್ಲಿಂದ ಹಳೆಯ ಅಕ್ಷರಕ್ಕೆ ತಿರುಗಿಸಿ ಪುಟ ಕಟ್ಟಿ ಎಂದು ನಾನು ಸಲಹೆ ಕೊಟ್ಟೆ. ಕಾಗದದ ಮೇಲೆ ಅದು ಸರಿ. ಆದರೆ ಕರಡು ತಿದ್ದುವುದು ಪುಟ ಕಟ್ಟಿದ ಮೇಲೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗುರುತಿಸಿದ್ದನ್ನು ಅಕ್ಕ ಪೇಜ್‌ಮೇಕರ್‌ನಲ್ಲೇ ತಿದ್ದುತ್ತಾರೆ, ಮೂಲ ಕಡತ ತಪ್ಪುಗಳ ಸಮೇತ ಹಾಗೇ ಉಳಿಯುತ್ತದೆ. ಎರಡು ಸಂಚಿಕೆ ಹಾಗೆ ಮಾಡಿ, ಅಚ್ಚಿನಲ್ಲಿ ಸರಿಯಿದ್ದ ಲೇಖಕಿಯೊಬ್ಬರ ಹೆಸರು ಜಾಲತಾಣದಲ್ಲಿ ತಪ್ಪಾಗಿ ಬಂದು, ಅವರು ಸರಿಯಾಗಿಯೇ ಸಿಟ್ಟಾದರು. ಈಗ ಅಚ್ಚಿಗೆ ಹೋದ ಕೊನೆಯ ಪುಟಗಳಿಂದ ಬರಹ ಹೊರತೆಗೆದು ತಿರುಗಿಸುತ್ತಾರೆ. ಅಕ್ಕ ಅಡ್ಡಗೆರೆಯ ಅಭ್ಯಾಸವನ್ನೂ ಬಿಟ್ಟಿದ್ದಾರೆ. ಚಂದಾದಾರರ ಕೈಗೆ ಅಂಚೆಯಲ್ಲಿ ಸಂಚಿಕೆ ಸೇರಬೇಕು, ಆಮೇಲೆ ಜಾಲತಾಣ ಎಂಬುದು ಮೇಷ್ಟ್ರ ಕಟ್ಟಪ್ಪಣೆ. ಹತ್ತನೆಯ ತಾರೀಖಿಗೆ ತಾನಾಗಿ ಪ್ರಕಟವಾಗುವಂತೆ ಮೊದಲೇ ಹೊಂದಿಸಿಡುತ್ತಾರೆ.

ಹಕ್ಕಿನ ಪ್ರಶ್ನೆ ಕಡೆಗೆ ನಾವು ತಡವಾಗಿ ತಿರುಗಿದೆವು. ಅಚ್ಚಿಗೆ ಕೊಟ್ಟವರೆಲ್ಲ ಜಾಲತಾಣಕ್ಕೂ ಕೊಟ್ಟಂತೆ ಅಲ್ಲ, ಮತ್ತು ನಮ್ಮ ಕಾಯ್ದೆಯಲ್ಲಿ ಕೃತಿಸ್ವಾಮ್ಯ ಲೇಖಕ ತೀರಿದ ಮೇಲೂ 60 ವರ್ಷ ಉಳಿಯುತ್ತದೆ. ಮೇಷ್ಟ್ರು ಕಾರ್ಡು ಬರೆದರು. ಹೆಚ್ಚಿನವರು ಸಂತೋಷದಿಂದ ಒಪ್ಪಿದರು, ಕೆಲವರು ಬೇಡವೆಂದರು. ಬೇಡವೆಂದವರ ಪುಟ ತೆಗೆಯುವುದೆಂದರೆ ಒಂದು ಕಡತ ಅಳಿಸುವುದು. ಸ್ಥಿರ ಪುಟದ ಈ ಸುಖವನ್ನು ನಾನು ಮೊದಲು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇನ್ನು ನನ್ನ ತಪ್ಪು. ವರ್ಡ್‌ಪ್ರೆಸ್‌ಗೆ ನಾನು ಹಾಕಿದ ಥೀಮ್, ಅಂದರೆ ಸಿದ್ಧ ವಿನ್ಯಾಸ, ನೋಡಲು ಚೆಂದವಿತ್ತು. ಅದರ ಸಾಲುಗಳ ಅಂತರವನ್ನು ಅಕ್ಷರದ 1.7ರಷ್ಟಕ್ಕೆ ಹಿಗ್ಗಿಸಿದ ಮೇಲೆ ಒತ್ತಕ್ಷರಗಳೂ ಸುಖವಾಗಿದ್ದವು. ಅದನ್ನು ಬರೆದವರು ಎರಡು ವರ್ಷದಿಂದ ಅದರ ಕಡೆ ತಿರುಗಿಯೂ ನೋಡಿಲ್ಲ ಎಂಬುದನ್ನು ನಾನು ಗಮನಿಸಬೇಕಿತ್ತು. 2023ರ ದೀಪಾವಳಿ ವಿಶೇಷಾಂಕದ ಹೊತ್ತಿಗೆ ಹೋಸ್ಟಿಂಗ್ ಕಡೆಯಿಂದ, ವರ್ಡ್‌ಪ್ರೆಸ್ ಬರೆದಿರುವ ಭಾಷೆಯಾದ ಪಿಎಚ್‌ಪಿ ಹೊಸ ಆವೃತ್ತಿಗೆ ಹೋಯಿತು, ಥೀಮ್ ಮುರಿಯಿತು, ತಾಣದಲ್ಲಿ ಗಂಭೀರ ದೋಷವಾಗಿದೆ ಎಂಬ ಇಂಗ್ಲಿಷಿನ ಒಂದೇ ಸಾಲು ಬಿಳಿ ಪುಟದ ಮೇಲೆ ಬಂದು ಕುಳಿತಿತು. ನಾನು ಅಕ್ಕ ಹೇಳಿದಂತೆಯೇ ಮದುವೆಯಲ್ಲಿದ್ದೆ, ಸಿಗ್ನಲ್ ಇಲ್ಲದ ಊರಿನಲ್ಲಿ. ಎರಡು ದಿನ ವಿಶೇಷಾಂಕ ಕಾಣಲಿಲ್ಲ. ಹಳೆಯ ಸಂಚಿಕೆಗಳಿಗೆ ಮಾತ್ರ ಏನೂ ಆಗಲಿಲ್ಲ, ಅವುಗಳೊಳಗೆ ಮುರಿಯುವಂಥದ್ದೇನೂ ಇರಲಿಲ್ಲ. ಮರಳಿ ಬಂದು ವರ್ಡ್‌ಪ್ರೆಸ್ ಜೊತೆಗೇ ಬರುವ ಸಾದಾ ಥೀಮ್ ಹಾಕಿದೆ. ಹಾಕಿದ್ದ ನಾಲ್ಕು ಪ್ಲಗಿನ್‌ಗಳಲ್ಲಿ ಮೂರನ್ನು ಕಿತ್ತೆ. ಓದುಗರ ಪ್ರತಿಕ್ರಿಯೆಯ ಪೆಟ್ಟಿಗೆಯನ್ನು ಮುಚ್ಚಿದೆ, ಅಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಔಷಧಿಯ ಜಾಹೀರಾತು. ಅಭಿಪ್ರಾಯವಿದ್ದವರು ಈಗಲೂ ಮೇಷ್ಟ್ರಿಗೆ ಕಾಗದ ಬರೆಯುತ್ತಾರೆ.

ಖರ್ಚು ಕೇಳುವವರಿಗೆ: ಡಾಟ್ ಇನ್ ಹೆಸರು ಮತ್ತು ಹೋಸ್ಟಿಂಗ್ ಸೇರಿ ವರ್ಷಕ್ಕೆ ನಾಲ್ಕು ಸಾವಿರದೊಳಗೆ. ಹೆಸರು ಮೇಷ್ಟ್ರದೇ ಇಮೇಲಿನಲ್ಲಿ, ಮೇಷ್ಟ್ರದೇ ಮೊಬೈಲ್ ಸಂಖ್ಯೆಯಲ್ಲಿ, ಐದು ವರ್ಷಕ್ಕೆ ಕಟ್ಟಿದೆ. ಮುಗಿಯುವ ತಾರೀಖನ್ನು ಅವರು ಚಂದಾ ಪುಸ್ತಕದ ಒಳರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಾರೆ. ಸ್ಥಿರ ಪುಟಗಳೆಲ್ಲ ಸೇರಿ ನೂರು ಎಂಬಿಯ ಆಸುಪಾಸು, ಅವುಗಳ ಪ್ರತಿ ಇರುವ ಪೆನ್‌ಡ್ರೈವ್ ಬೈಂಡು ಸಂಪುಟಗಳ ಬೀರುವಿನಲ್ಲಿದೆ. ಯಾವ ತಂತ್ರಾಂಶವೂ ಇಲ್ಲದೆ, ಅಂತರಜಾಲವೂ ಇಲ್ಲದೆ, ಕಡತದ ಮೇಲೆ ಎರಡು ಸಲ ಒತ್ತಿದರೆ ತೆರೆದುಕೊಳ್ಳುತ್ತದೆ. ಹುಡುಗರು ಮನೆಗೆ ಬಂದಾಗ ಮೇಷ್ಟ್ರು ಇದನ್ನು ಮಾಡಿ ತೋರಿಸುವುದುಂಟು.

ಒಂದು ಕೆಲಸ ಬಾಕಿ ಇದೆ. 2001ರ ಫೆಬ್ರವರಿಯಿಂದ 2004ರ ಜೂನ್‌ವರೆಗಿನ 41 ಸಂಚಿಕೆಗಳ ಕಡತಗಳಿದ್ದ ಸಿಡಿಗಳಿಗೆ ಬೂಷ್ಟು ಹಿಡಿದು ಒಂದೂ ತೆರೆಯಲಿಲ್ಲ. ಚಂದಾದಾರರೊಬ್ಬರ ಮನೆಯ ಅಟ್ಟದಲ್ಲಿ ಆ ವರ್ಷಗಳ ಬೈಂಡು ಸಿಕ್ಕಿತು. ಅಕ್ಕ ಪುಟ ಕಟ್ಟುವ ಕೆಲಸ ಮುಗಿದ ಸಂಜೆಗಳಲ್ಲಿ ಅದನ್ನು ನೋಡಿಕೊಂಡು ನೇರವಾಗಿ ಯುನಿಕೋಡ್‌ನಲ್ಲಿ ಬೆರಳಚ್ಚು ಮಾಡುತ್ತಿದ್ದಾರೆ. ಕಳೆದ ವಾರ 2003ರ ಜೂನ್ ಸಂಚಿಕೆ ಮುಗಿಯಿತು. ಅದರ ಇಪ್ಪತ್ತೊಂದನೆಯ ಪುಟದಲ್ಲಿ ಮಳೆಗಾಲದ ಮೇಲೊಂದು ಪದ್ಯವಿದೆ, ಕೊನೆಯ ಎರಡು ಸಾಲುಗಳನ್ನು ಗೆದ್ದಲು ತಿಂದಿದೆ. ಮೇಷ್ಟ್ರು ಕವಿಗೆ ಫೋನ್ ಮಾಡಿ ಕೇಳಿದರು, ಅವರಿಗೂ ನೆನಪಾಗಲಿಲ್ಲ. ಎರಡು ಸಾಲಿನಷ್ಟು ಜಾಗ ಖಾಲಿ ಬಿಟ್ಟು ಏರಿಸಿದ್ದೇವೆ.